ಜೂನ್‌ನಿಂದ ಕೋಳಿಯ ದರ, ಬರುವ ದಿನ, ಮುಂಗಡ ಬುಕಿಂಗ್: ಏನು ಬದಲಾಗುತ್ತಿದೆ, ಏಕೆ

ಮಾನ್ಯ ಗ್ರಾಹಕರೇ,

ಜೂನ್ ಮೊದಲ ವಾರದಿಂದ ನಮ್ಮ ಸಂಘದ ಬ್ರಾಯ್ಲರ್ ಕೋಳಿಯನ್ನು 36ನೇ ದಿನದ ಬದಲು 42ನೇ ದಿನಕ್ಕೆ ಶೆಡ್ಡಿನಿಂದ ಎತ್ತುತ್ತೇವೆ. ಮಾಂಸದ ದರ ಕಿಲೋಗೆ 22 ರೂಪಾಯಿ ಏರುತ್ತದೆ. ಕಾಯಿಲೆ ಬಂದು ಔಷಧಿ ಕೊಡಬೇಕಾದ ಬ್ಯಾಚಿನ ಲಿವರ್ ಮಾರುವುದಿಲ್ಲ. ಮಳೆಗಾಲದಲ್ಲಿ ಕೆಲವು ವಾರ ಮಾಲೇ ಇಲ್ಲದಿರಬಹುದು. ಕೋಳಿಯ ಕರುಳಿನ ಒಂದು ಕಾಯಿಲೆ ತಡೆಯಲು ಇದುವರೆಗೆ ಫೀಡಿನಲ್ಲಿ ಬೆರೆಸುತ್ತಿದ್ದ ಔಷಧಿಯನ್ನು ನಿಲ್ಲಿಸುತ್ತಿರುವುದೇ ಇದಕ್ಕೆಲ್ಲ ಕಾರಣ.

ಕಾಯಿಲೆಯ ಹೆಸರು ಕಾಕ್ಸಿಡಿಯೋಸಿಸ್. ಸಾಕುವವರ ಬಾಯಲ್ಲಿ ರಕ್ತಭೇದಿ, ಇಲ್ಲವೇ ಬರೀ ‘ಕಾಕ್ಸಿ’. ಇದನ್ನು ತರುವುದು ಐಮೀರಿಯ ಎಂಬ ಏಕಕೋಶದ ಪರಾವಲಂಬಿ. ಕೋಳಿಗೆ ತಗಲುವ ಮುಖ್ಯ ಜಾತಿಗಳು ಏಳು, ಒಂದೊಂದಕ್ಕೂ ಕರುಳಿನಲ್ಲಿ ತನ್ನದೇ ಜಾಗ. ಟೆನೆಲ್ಲಾ ಕುರುಡುಗರುಳಿನಲ್ಲಿ ಸೇರಿಕೊಳ್ಳುತ್ತದೆ. ಹಿಕ್ಕೆಯಲ್ಲಿ ಹಸಿ ರಕ್ತ ಕಂಡು ಸಾಕುವವರು ಕೂಡಲೇ ಎಚ್ಚೆತ್ತುಕೊಳ್ಳುತ್ತಾರೆ. ಅಸರ್ವುಲಿನಾ ಸಣ್ಣಕರುಳಿನ ಮೇಲ್ಭಾಗದಲ್ಲಿರುತ್ತದೆ. ರಕ್ತ ಕಾಣುವುದಿಲ್ಲ, ಕೋಳಿ ಸಾಯುವುದೂ ಕಡಿಮೆ, ಆದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ನಮ್ಮ ಲೆಕ್ಕದಲ್ಲಿ ಹೆಚ್ಚು ನಷ್ಟ ತರುವುದು ಈ ಎರಡನೆಯದೇ. ಕೆರೆದುಹೋದ ಕರುಳಿನಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯ ಬೆಳೆದು ಕರುಳು ಕೊಳೆಯುವ ಇನ್ನೊಂದು ಕಾಯಿಲೆ ಹಿಂದೆಯೇ ಬರುತ್ತದೆ. ಆಂಟಿಬಯಾಟಿಕ್ ಶೆಡ್ಡಿನೊಳಕ್ಕೆ ಕಾಲಿಡುವುದು ಈ ಬಾಗಿಲಿನಿಂದ. ಅಂದಹಾಗೆ, ಕೋಳಿಯ ಐಮೀರಿಯ ಮನುಷ್ಯರಿಗೆ ತಗಲುವುದಿಲ್ಲ.

ಹಿಕ್ಕೆಯೊಂದಿಗೆ ಬೀಳುವ ಇದರ ಮೊಟ್ಟೆಕೋಶಗಳು 25–30 ಡಿಗ್ರಿ ಶಾಖ, ತೇವ, ಗಾಳಿ ಮೂರೂ ಸಿಕ್ಕರೆ 24ರಿಂದ 48 ಗಂಟೆಯಲ್ಲಿ ಬಲಿತು, ಕೆದಕಿ ತಿನ್ನುವ ಕೋಳಿಗೆ ತಗಲಲು ಸಿದ್ಧವಾಗುತ್ತವೆ. ಫಿನಾಯಿಲು, ಬ್ಲೀಚಿಂಗ್ ಪುಡಿಗೆ ಅವು ಜಗ್ಗುವುದಿಲ್ಲ. ಅಮೋನಿಯ, ಬೆಂಕಿಯ ಕಾವು, ಚೆನ್ನಾಗಿ ಒಣಗಿಸುವುದು ಇಷ್ಟಕ್ಕೇ ಬಗ್ಗುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೊಂದರೆ ಹೆಚ್ಚು ಏಕೆಂಬುದು ಇದರಿಂದ ತಿಳಿಯುತ್ತದೆ.

ಇದುವರೆಗೆ ನಾವೂ ಎಲ್ಲರಂತೆ ಮೊದಲ ದಿನದಿಂದಲೇ ಫೀಡಿನಲ್ಲಿ ಸ್ಯಾಲಿನೋಮೈಸಿನ್ ಎಂಬ ಕಾಕ್ಸಿ ಔಷಧಿ ಬೆರೆಸುತ್ತಿದ್ದೆವು, ಟನ್ನಿಗೆ 60 ಗ್ರಾಂ. ಇದು ಕಾನೂನುಬಾಹಿರವಲ್ಲ. ಲೇಬಲ್ ಹೇಳಿದಷ್ಟು ದಿನ ಮೊದಲೇ ನಿಲ್ಲಿಸಿದರೆ ಮಾಂಸದಲ್ಲಿ ಉಳಿಕೆ ಮಿತಿಯೊಳಗೇ ಇರುತ್ತದೆ. ತಪ್ಪುವುದು ಕಾಗದದ ಮೇಲಲ್ಲ, ಶೆಡ್ಡಿನಲ್ಲಿ. ಕೊನೆಯ ದಿನಗಳಿಗೆಂದು ಔಷಧಿಯಿಲ್ಲದ ಫಿನಿಶರ್ ಫೀಡ್ ಬಂದ ದಿನ ಹಳೆಯ ಅರ್ಧ ಚೀಲವನ್ನೂ ಅದರೊಂದಿಗೆ ಸುರಿಯುತ್ತಾರೆ. ಫೀಡರ್ ತಳದಲ್ಲಿ ಹಳೆಯ ಪುಡಿ ಹಾಗೇ ಕೂತಿರುತ್ತದೆ. ನಿಕಾರ್ಬಜಿನ್‌ನಂಥ ಔಷಧಿಗಳು ಹಿಕ್ಕೆಯ ಮೂಲಕ ಲಿಟರಿಗೆ, ಅಂದರೆ ಶೆಡ್ಡಿನ ನೆಲಕ್ಕೆ ಹಾಸಿದ ಹೊಟ್ಟಿಗೆ, ಸೇರಿ, ಕೋಳಿ ಅದನ್ನೇ ಕುಕ್ಕಿ ಮತ್ತೆ ಒಳಗೆಳೆದುಕೊಳ್ಳುತ್ತದೆ. ಇನ್ನು ವರ್ಷತೊಡಕಿಗೆ ವ್ಯಾಪಾರಿ ನಾಲ್ಕು ದಿನ ಮೊದಲೇ ಲಾರಿ ತಂದು ನಿಲ್ಲಿಸಿ ಒಳ್ಳೆಯ ದರ ಹೇಳಿದರೆ, ಬಾಕಿಯಿರುವ ದಿನಗಳನ್ನು ಯಾರೂ ಎಣಿಸುವುದಿಲ್ಲ.

ಔಷಧಿಯ ಬದಲು ಇನ್ನು ಮರಿಗಳಿಗೆ ಹ್ಯಾಚರಿಯಲ್ಲೇ, ಮೊದಲ ದಿನ, ಕಾಕ್ಸಿಡಿಯೋಸಿಸ್‌ನ ಜೀವಂತ ಲಸಿಕೆ ಸಿಂಪಡಿಸಲಾಗುತ್ತದೆ. ಶಕ್ತಿ ಕುಂದಿಸಿದ ಐಮೀರಿಯ ಅದರಲ್ಲಿರುತ್ತದೆ. ಒಂದು ಜಾತಿಯ ವಿರುದ್ಧ ಬಂದ ರಕ್ಷಣೆ ಇನ್ನೊಂದಕ್ಕೆ ಸಾಗುವುದಿಲ್ಲವಾದ್ದರಿಂದ ಲಸಿಕೆಯಲ್ಲಿ ಹಲವು ಜಾತಿಗಳಿರಬೇಕು. ಒಮ್ಮೆ ಸಿಂಪಡಿಸಿದರೆ ಕೆಲಸ ಮುಗಿಯಲಿಲ್ಲ. ಮರಿ ತಿಂದು, ಹಿಕ್ಕೆಯಲ್ಲಿ ಬಿಟ್ಟು, ಲಿಟರಿನಲ್ಲಿ ಬಲಿತದ್ದನ್ನು ಮತ್ತೆ ತಿಂದು, ಹೀಗೆ ಎರಡು ಮೂರು ಸುತ್ತು ಆದಮೇಲೆಯೇ, ಅಂದರೆ ಸುಮಾರು ಮೂರು ವಾರಕ್ಕೆ, ಪೂರ್ತಿ ರಕ್ಷಣೆ ಸಿಗುತ್ತದೆ. ಈ ನಡುವೆ ಫೀಡಿನಲ್ಲಿ ಕಾಕ್ಸಿ ಔಷಧಿಯ ಚಿಟಿಕೆಯಿದ್ದರೂ ಲಸಿಕೆ ಸತ್ತುಹೋಗುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಆಗುವುದಿಲ್ಲ.

ಆದ್ದರಿಂದ ಕೆಲಸವೆಲ್ಲ ಲಿಟರಿನ ಮೇಲೆ ನಿಂತಿದೆ. ಭತ್ತದ ಹೊಟ್ಟು ಪೂರ್ತಿ ಒಣಗಿದ್ದರೆ ಲಸಿಕೆಯ ಸುತ್ತು ನಡೆಯುವುದಿಲ್ಲ, ನೆನೆದಿದ್ದರೆ ಸುತ್ತು ಕೈಮೀರಿ ಕಾಯಿಲೆಯೇ ಬರುತ್ತದೆ. ತೇವ ಶೇ. 25ರ ಆಸುಪಾಸು ಇರಬೇಕು. ಒಂದು ಮುಷ್ಟಿ ಹಿಡಿದು ಹಿಸುಕಿ ಬಿಟ್ಟಾಗ ಕೊಂಚ ಅಂಟಿ ಉದುರಿದರೆ ಸರಿ, ಉಂಡೆಯಾಗಿ ಉಳಿದರೆ ಒದ್ದೆ. ಒದ್ದೆಗೆ ಸಾಮಾನ್ಯ ಕಾರಣ ಮಳೆಯಲ್ಲ, ಕುಡಿಯುವ ನೀರಿನ ಪೈಪಿನಲ್ಲಿ ಸೋರುವ ನಿಪ್ಪಲ್. ಕೋಳಿ ಕತ್ತು ಮೇಲೆತ್ತಿ ಕುಡಿಯುವಷ್ಟು ಎತ್ತರಕ್ಕೆ ಪೈಪನ್ನು ದಿನಾ ಏರಿಸದಿದ್ದರೆ ನೀರು ಚೆಲ್ಲುತ್ತದೆ. ಕೋಳಿಯೊಂದಕ್ಕೆ ವಾಡಿಕೆಯ ಒಂದು ಚದರ ಅಡಿಯ ಬದಲು ಒಂದೂಕಾಲು ಅಡಿ ಕೊಡುತ್ತಿದ್ದೇವೆ. ಹಾಗಾಗಿ ಒಂದೇ ಶೆಡ್ಡಿನಲ್ಲಿ ಐದರಲ್ಲಿ ಒಂದು ಪಾಲು ಕೋಳಿ ಕಡಿಮೆ. ಲಸಿಕೆ ಪಡೆದ ಕೋಳಿ ಮೂರನೇ ನಾಲ್ಕನೇ ವಾರದಲ್ಲಿ ಬೆಳವಣಿಗೆಯಲ್ಲಿ ತುಸು ಹಿಂದೆ ಬೀಳುತ್ತದೆ, ಆಮೇಲೆ ಸರಿದೂಗಿಸುತ್ತದೆ. ಆರು ಹೆಚ್ಚುವರಿ ದಿನ, 22 ರೂಪಾಯಿ ಎರಡೂ ಇಲ್ಲಿಂದಲೇ ಬಂದವು.

ಇಷ್ಟಾದರೂ ಒಂದು ಬ್ಯಾಚಿಗೆ ಕಾಯಿಲೆ ಬಂದರೆ ಔಷಧಿ ಕೊಡದೆ ಸಾಯಲು ಬಿಡುವುದಿಲ್ಲ. ಪಶುವೈದ್ಯರು ಸತ್ತ ಕೋಳಿಯ ಕರುಳು ಸೀಳಿ ನೋಡಿದ ಮೇಲೆ, ಮೊದಲ ಆಯ್ಕೆ ಆಂಪ್ರೋಲಿಯಂ: 20 ಪರ್ಸೆಂಟ್ ಪುಡಿಯಾದರೆ ಲೀಟರ್ ನೀರಿಗೆ 1.2 ಗ್ರಾಂ, ಮೂರರಿಂದ ಐದು ದಿನ, ಆಮೇಲೆ 0.3 ಗ್ರಾಂ, ಒಂದೆರಡು ವಾರ. ಬಿ1 ವಿಟಮಿನ್ನಿನ ವೇಷ ಹಾಕಿ ಪರಾವಲಂಬಿಗೆ ಮೋಸ ಮಾಡುವ ಔಷಧಿ ಇದು, ಆದ್ದರಿಂದ ಅದೇ ನೀರಿಗೆ ಬಿ-ಕಾಂಪ್ಲೆಕ್ಸ್ ಹಾಕಿದರೆ ಎರಡೂ ದಂಡ. ಮನೆಯಲ್ಲಿ ನಾಟಿ ಕೋಳಿ ಸಾಕುವ ಗ್ರಾಹಕರೂ ಇದನ್ನು ನೆನಪಿಡಿ. ಟಾಲ್ಟ್ರಾಜುರಿಲ್ ಇನ್ನೂ ಜೋರು, ಆದರೆ ಮೈಯಲ್ಲಿ ಬಹಳ ದಿನ ಉಳಿಯುತ್ತದೆ. ಯುರೋಪಿನಲ್ಲಿ ಕೊನೆಯ ಡೋಸಿನ ನಂತರ ಮಾಂಸಕ್ಕೆ ಎರಡು ವಾರಕ್ಕೂ ಹೆಚ್ಚು ಕಾಯಬೇಕು.

ಭಾರತದ ಔಷಧ ನಿಯಮಗಳಿಗೆ 2012ರಲ್ಲಿ ಸೇರಿದ ತಿದ್ದುಪಡಿಯ ಪ್ರಕಾರ, ಕೊನೆಯ ಡೋಸಿನಿಂದ ಎಷ್ಟು ದಿನ ಕಾಯಬೇಕೆಂದು ಲೇಬಲ್ಲಿನಲ್ಲಿರಬೇಕು. ಔಷಧಿಗೆ ಅವಧಿ ಗೊತ್ತುಪಡಿಸಿಲ್ಲದಿದ್ದರೆ ಮೊಟ್ಟೆಗೆ 7 ದಿನ, ಮಾಂಸಕ್ಕೆ 28 ದಿನಕ್ಕೆ ಕಡಿಮೆಯಿರಬಾರದು. 42 ದಿನ ಬದುಕುವ ಕೋಳಿಗೆ 28 ದಿನವೆಂದರೆ ಎರಡನೇ ವಾರ ದಾಟಿದ ಮೇಲೆ ಅಂಥ ಔಷಧಿ ಕೊಡಲೇಬಾರದೆಂದರ್ಥ. ನಾವು ಹಾಗೇ ನಡೆಯುತ್ತೇವೆ. ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ನಮ್ಮಲ್ಲಿಲ್ಲ, ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಅದನ್ನು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ.

ಪ್ಯಾಕೆಟ್ಟಿನ ಮೇಲೆ ಬ್ಯಾಚ್ ಸಂಖ್ಯೆ, ಔಷಧಿ ಕೊಟ್ಟಿದ್ದರೆ ಅದರ ಹೆಸರು, ಕೊನೆಯ ಡೋಸಿನ ದಿನಾಂಕ ಇರುತ್ತದೆ. ‘ಆಂಟಿಬಯಾಟಿಕ್ ಮುಕ್ತ’ ಎಂದು ಅಚ್ಚು ಹಾಕುವುದಿಲ್ಲ, ಏಕೆಂದರೆ ಎಲ್ಲ ಬ್ಯಾಚಿಗೂ ಆ ಮಾತು ಹೊಂದುವುದಿಲ್ಲ. ಹಾರ್ಮೋನ್ ಇಂಜೆಕ್ಷನ್ ಬಗ್ಗೆ ಕೇಳುವವರಿಗೆ: ಕೋಳಿ ಬೇಗ ಬೆಳೆಯುವುದು ತಳಿ ಮತ್ತು ಫೀಡಿನಿಂದ. ಸಾವಿರಾರು ಕೋಳಿ ಹಿಡಿದು ಒಂದೊಂದಕ್ಕೂ ಸೂಜಿ ಚುಚ್ಚುತ್ತ ಕೂರುವ ಪುರುಸೊತ್ತು ಯಾರಿಗೂ ಇಲ್ಲ.

ಅಡುಗೆಮನೆಗೆ ಎರಡು ಮಾತು. ಚೆನ್ನಾಗಿ ಬೇಯಿಸಿದರೆ, ಒಳಭಾಗ 74 ಡಿಗ್ರಿ ಮುಟ್ಟಿದರೆ, ಸಾಲ್ಮೊನೆಲ್ಲಾದಂಥ ರೋಗಾಣುಗಳು ಸಾಯುತ್ತವೆ. ಔಷಧಿಯ ಉಳಿಕೆ ಹಾಗಲ್ಲ. ಎನ್ರೋಫ್ಲಾಕ್ಸಾಸಿನ್‌ನಂಥ ಆಂಟಿಬಯಾಟಿಕ್‌ಗಳು ಶಾಖಕ್ಕೆ ಒಡೆಯುವುದಿಲ್ಲ, ಕುದಿಸಿದರೆ ಒಂದಷ್ಟು ಸಾರಿಗೆ ಇಳಿಯುತ್ತದೆ ಅಷ್ಟೇ. ಅರಿಶಿನ, ಉಪ್ಪು, ಬಿಸಿನೀರು ಯಾವುದೂ ಅದನ್ನು ತೆಗೆಯಲಾರದು, ತೆಗೆಯಬೇಕಾದದ್ದು ಶೆಡ್ಡಿನಲ್ಲೇ. ಲಿವರಿನಲ್ಲಿ ಹೆಚ್ಚಿನ ಔಷಧಿಗಳು ಮಾಂಸಕ್ಕಿಂತ ಜಾಸ್ತಿ ಉಳಿಯುವುದರಿಂದ ಅದನ್ನು ತಡೆಹಿಡಿಯುತ್ತಿದ್ದೇವೆ.

ಶ್ರಾವಣದಲ್ಲಿ ಬೇಡಿಕೆ ಇಳಿಯುವುದರಿಂದ ಆ ತಿಂಗಳು ಶೆಡ್ಡುಗಳನ್ನು ಖಾಲಿ ಬಿಟ್ಟು, ಹಳೆಯ ಲಿಟರ್ ಹೊರಹಾಕಿ, ನೆಲಕ್ಕೆ ಬೆಂಕಿಯ ಕಾವು ಕೊಡುತ್ತೇವೆ. ಆಯುಧಪೂಜೆ, ವರ್ಷತೊಡಕಿಗೆ ಹತ್ತು ಕಿಲೋಗಿಂತ ಹೆಚ್ಚು ಬೇಕಾದ ಹೋಟೆಲ್, ಮೆಸ್‌ನವರು 50 ದಿನ ಮೊದಲು ಮಳಿಗೆಯಲ್ಲಿ ಹೆಸರು ಬರೆಸಬೇಕು. ಆ ಬ್ಯಾಚಿಗೆ ಔಷಧಿ ಕೊಡಬೇಕಾಗಿ ಬಂದು ಅವಧಿ ಮುಗಿಯದಿದ್ದರೆ ಮುಂಗಡ ವಾಪಸು ಕೊಡುತ್ತೇವೆ, ಕೋಳಿ ಕೊಡುವುದಿಲ್ಲ.

ಇಂತಿ,
ಆಡಳಿತ ಮಂಡಳಿ
ಕೋಳಿ ಸಾಕಣೆದಾರರ ಸಹಕಾರ ಸಂಘ