ಅವ್ವಂದಿರಿಗೂ ಬೇಕು ಶೂಟಿಂಗ್ ರೇಂಜ್

ಮಾನ್ಯ ಸಂಪಾದಕರೇ,

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಕಂಚು ಗೆದ್ದಾಗ ಜತ್ತದ ನಮ್ಮ ಮನೆಯಲ್ಲೂ ಸಂಭ್ರಮ. ಆ ಗುಂಗಿನಲ್ಲೇ ಅರವತ್ತು ದಾಟಿದ ಅವ್ವನನ್ನು ಏರ್ ರೈಫಲ್ (ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಬಂದೂಕು) ಅಭ್ಯಾಸ ಮಾಡುವ ರೇಂಜಿಗೆ ಕರೆದೊಯ್ದೆ. ಅಳುಕುತ್ತಲೇ ಬಂದಳು.

ತರಬೇತುದಾರರು ಮೊದಲು ಹೇಳಿಕೊಟ್ಟದ್ದು ಸುರಕ್ಷತೆ: ನಳಿಗೆ ಸದಾ ಗುರಿಫಲಕದತ್ತಲೇ ಇರಬೇಕು, ಗುರಿ ಹಿಡಿಯುವವರೆಗೆ ಬೆರಳು ಟ್ರಿಗರ್ ಮುಟ್ಟಬಾರದು. 10 ಮೀಟರ್ ದೂರದ ಫಲಕದಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್! ಉಸಿರು ಹಿಡಿತಕ್ಕೆ ಬಾರದೆ ಅದು ದಕ್ಕದು. ಹೊಲದಲ್ಲಿ ದುಡಿದ ಅವ್ವನ ಕೈ ನನ್ನ ಕೈಗಿಂತ ಸ್ಥಿರವಾಗಿತ್ತು. ಈಗ ಮೊಮ್ಮಗಳೂ ಅಜ್ಜಿಯ ಜೊತೆ ಹೊರಡುತ್ತಾಳೆ.

ಆದರೆ ಇದಕ್ಕಾಗಿ ದೂರದ ಊರಿಗೆ ಹೋಗಬೇಕು. ಗಡಿ ತಾಲ್ಲೂಕುಗಳ ಕ್ರೀಡಾಂಗಣಗಳಲ್ಲಿ ಹಿರಿಯರಿಗೂ ಮುಕ್ತವಾದ ಏರ್ ರೈಫಲ್ ರೇಂಜ್‌ಗಳನ್ನು ಮಹಾರಾಷ್ಟ್ರ ಸರ್ಕಾರ ಕಟ್ಟಿಸಲಿ.

– ಓದುಗ, ಜತ್ತ, ಸಾಂಗ್ಲಿ ಜಿಲ್ಲೆ