ಮೊದಲು ಉಳಿ ಮಸೆ, ಆಮೇಲೆ ಮೆಷಿನ್ ನೋಡೋಣ

ಶಿರಸಿಯಿಂದ

ಚಿ. ವಿದ್ಯಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಮಳೆ ಇನ್ನೂ ಬಿಟ್ಟಿಲ್ಲ. ತೋಟಕ್ಕೆ ಎರಡನೇ ಸಲ ಮದ್ದು ಹೊಡೆಯೋದು ಹಾಗೇ ಬಾಕಿ ಇದೆ. ಹೊರಗೆ ಕೆಲಸ ಇಲ್ಲದ ಕಾರಣ ಈ ಪತ್ರ ಸ್ವಲ್ಪ ಉದ್ದವಾದೀತು.

ನೀನು ಕಳಿಸಿದ ಪಟ್ಟಿ ನೋಡಿದೆ. ರೂಟರ್, ಜಿಗ್‌ಸಾ, ಟೇಬಲ್ ಸಾ ಅಂತ ಮರ ಕೊರೆಯುವ, ಕೊಯ್ಯುವ ಕರೆಂಟಿನ ಮೆಷಿನ್ನುಗಳು, ಹನ್ನೆರಡು ಉಳಿಗಳ ಸೆಟ್ಟು, ಕೊನೆಯಲ್ಲಿ 'ಒಳ್ಳೆ ಸಾಗುವಾನಿ ಎಲ್ಲಿ ಸಿಗುತ್ತದೆ' ಅಂತ ಪ್ರಶ್ನೆ. ಮರಗೆಲಸದ ಹುಚ್ಚು ನಮ್ಮ ಮನೆಯಲ್ಲಿ ಇನ್ನೊಬ್ಬರಿಗೆ ಹಿಡಿಯಿತಲ್ಲ ಅಂತ ಖುಷಿಯೇ ಆಯಿತು. ಆದರೆ ಅಷ್ಟುದ್ದದ ಪಟ್ಟಿಯಲ್ಲಿ ಒಂದು ಸಾಣೆಕಲ್ಲು ಇಲ್ಲವಲ್ಲ ಮಗಳೇ! ಅಂಗಡಿಯಿಂದ ಬರುವ ಹೊಸ ಉಳಿ ಹರಿತ ಇರುವುದಿಲ್ಲ. ಅದನ್ನು ನಾವೇ ಹದ ಮಾಡಿಕೊಳ್ಳಬೇಕು. ಮೊಂಡು ಉಳಿಯಲ್ಲಿ ಕೆಲಸ ಮಾಡುವುದು ಮೊಂಡು ಮೆಟ್ಟುಗತ್ತಿಯಲ್ಲಿ ಹಲಸಿನಕಾಯಿ ಕೊಚ್ಚಿದ ಹಾಗೆ. ಕೆಲಸವೂ ಕೆಡುತ್ತದೆ, ಕೈಯೂ ಹೋಗುತ್ತದೆ. ಹೆಚ್ಚು ಬಲ ಹಾಕಿದಾಗಲೇ ಉಳಿ ಜಾರುವುದು.

ಹನ್ನೆರಡು ಉಳಿ ಬೇಡ. 6, 12 ಮತ್ತು 25 ಮಿಲಿಮೀಟರಿನ ಮೂರು ಸಾಕು. ಮೊದಲು ಉಳಿಯ ಬೆನ್ನು ನೋಡು. ತುದಿಯಿಂದ ಒಂದಿಂಚಿನಷ್ಟಾದರೂ ಕನ್ನಡಿಯಷ್ಟು ಸಪಾಟಾಗಬೇಕು. ಇದು ಬೇಸರದ ಕೆಲಸ, ಆದರೆ ಒಂದು ಉಳಿಗೆ ಒಂದೇ ಸಲ. ಆಮೇಲೆ ಇಳಿಜಾರಿನ ಕಡೆ 25 ಡಿಗ್ರಿ ಕೋನದಲ್ಲಿ ಮಸೆ. ಗಟ್ಟಿ ಮರಕ್ಕಾದರೆ ಮೊನೆಯಲ್ಲಿ ಮಾತ್ರ ಕೂದಲೆಳೆಯಷ್ಟು 30 ಡಿಗ್ರಿ ಕೊಡು, ಬಾಯಿ ಬೇಗ ಮುರಿಯುವುದಿಲ್ಲ. ಮಸೆಯುತ್ತಾ ಹೋದಂತೆ ಬೆನ್ನಿನ ಕಡೆ ಬೆರಳಿಗೆ ಸಣ್ಣ ತರಿ ಸಿಗುತ್ತದೆ. ತುದಿಯ ಉದ್ದಕ್ಕೂ ಆ ತರಿ ಬಂದ ಮೇಲೆ ನಯದ ಕಲ್ಲಿಗೆ ಹೋಗು, ಅದಕ್ಕೆ ಮುಂಚೆ ಅಲ್ಲ. 1000 ಮತ್ತು 4000 ನಂಬರಿನ ಎರಡು ಕಲ್ಲು ಸಾಕು, ನಂಬರು ಹೆಚ್ಚಾದಷ್ಟೂ ಕಲ್ಲು ನಯ. ಸದ್ಯಕ್ಕೆ ದುಡ್ಡು ಹಾಕುವ ಮನಸ್ಸಿಲ್ಲ ಅಂದರೆ ದಪ್ಪ ಗಾಜಿನ ತುಂಡಿನ ಮೇಲೆ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಅಂಟಿಸಿಕೊಂಡು ಮಸೆಯಬಹುದು. ಕೊನೆಗೆ ಹಳೇ ಚರ್ಮದ ಬೆಲ್ಟಿನ ಮೇಲೆ ಹಿಂದಕ್ಕೆ ನಾಲ್ಕೆಂಟು ಸಲ ಎಳೆ. ಪರೀಕ್ಷೆಗೆ ಕೈಯ ಕೂದಲು ಬೋಳಿಸಿ ನೋಡುವ ಶೋಕಿ ಬೇಡ. ಮೆತ್ತನೆ ಮರದ ತುಂಡಿನ ಅಡ್ಡತುದಿಯನ್ನು, ಅಂದರೆ ಅಡ್ಡ ಕೊಯ್ದ ಮುಖವನ್ನು, ಕೆತ್ತು. ಪುಡಿಯಾಗದೆ ತೆಳ್ಳಗೆ ಸುರುಳಿ ಬಂದರೆ ಉಳಿ ಹದಕ್ಕೆ ಬಂತು ಅಂತ ಲೆಕ್ಕ.

ಉಳಿದ ಹತ್ಯಾರಗಳು ಕಡಿಮೆಯೇ. ಹಲಗೆ ಕೀಸೋಕೆ ಒಂದು ಹತ್ತರಿ, ನಯವಾದ ಹಲ್ಲಿನ ಒಂದು ಗರಗಸ, ಉಳಿಗೆ ಹೊಡೆಯುವ ಮರದ ಕೊಡತಿ, ಮೂಲೆ ನೇರ ಇದೆಯಾ ನೋಡುವ ಮೂಲೆಮಟ್ಟ, ನಾಲ್ಕು ಕ್ಲಾಂಪು, ಒಂದು ಡ್ರಿಲ್. ಮೂಲೆಮಟ್ಟ ಕೊಳ್ಳುವಾಗ ಅಂಗಡಿಯಲ್ಲೇ ಪರೀಕ್ಷೆ ಮಾಡು. ನೇರ ಅಂಚಿಗೆ ಹಿಡಿದು ಒಂದು ಗೆರೆ ಎಳೆ, ಮಗುಚಿ ಹಾಕಿ ಅದೇ ಜಾಗದಲ್ಲಿ ಇನ್ನೊಂದು ಎಳೆ. ಎರಡೂ ಗೆರೆ ಒಂದರ ಮೇಲೊಂದು ಕೂರಬೇಕು. ಕೂರದಿದ್ದರೆ ಅಲ್ಲೇ ಬಿಟ್ಟು ಬಾ. ಜಪಾನಿ ಗರಗಸದ ಬಗ್ಗೆ ಕೇಳಿದ್ದೆಯಲ್ಲ, ಅದು ಎಳೆಯುವಾಗ ಕೊಯ್ಯುತ್ತದೆ, ಹಾಗಾಗಿ ಅಲಗು ತೆಳ್ಳಗಿರುತ್ತದೆ. ಕಲಿಯುವವರಿಗೆ ಒಳ್ಳೆಯದೇ. ಆದರೆ ಮತ್ತಿಯಂಥ ಕಲ್ಲಿನಷ್ಟು ಗಟ್ಟಿ ಮರಕ್ಕೆ ಅದನ್ನು ಹಾಕಬೇಡ, ಹಲ್ಲು ಉದುರುತ್ತವೆ.

ನಿನ್ನ ಮನೆ ಕಾರವಾರದ ಕೋಡಿಬಾಗದಲ್ಲಿ, ಸಮುದ್ರ ಪಕ್ಕದಲ್ಲೇ. ಉಪ್ಪುಗಾಳಿಗೆ ಕಬ್ಬಿಣ ರಾತ್ರಿ ಬೆಳಗಾಗುವುದರೊಳಗೆ ಕೆಂಪಾಗುತ್ತದೆ. ಕೆಲಸ ಮುಗಿದ ಕೂಡಲೇ ಬೆವರು ಒರೆಸಿ ಹೊಲಿಗೆ ಮೆಷಿನ್ನಿನ ಎಣ್ಣೆ ಸವರಿಡು. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಇಡು.

ಮೆಷಿನ್ ಬೇಡವೇ ಬೇಡ ಅಂತ ನಾನು ಹೇಳುವವನಲ್ಲ. ಒಂದು ವರ್ಷ ಕೈಯಲ್ಲಿ ಮಾಡು, ಯಾವುದು ಬೇಕು ಅಂತ ನಿನಗೇ ಗೊತ್ತಾಗುತ್ತದೆ. ಒಂದನ್ನು ಮಾತ್ರ ಯಾವತ್ತೂ ಮಾಡಬೇಡ: ಕಬ್ಬಿಣ ಕೊಯ್ಯುವ ಗ್ರೈಂಡರಿಗೆ ಮರದ ಹಲ್ಲಿನ ಬ್ಲೇಡ್ ಹಾಕಿ ಕೊಯ್ಯುವುದು. ನಿಮ್ಮೂರಿನಲ್ಲೂ ನಮ್ಮೂರಿನಲ್ಲೂ ಎಲ್ಲರೂ ಮಾಡುತ್ತಾರೆ, ನಿಜ. ಗ್ರೈಂಡರಿನ ವೇಗ ಆ ಬ್ಲೇಡಿಗೆ ಜಾಸ್ತಿ. ಹಲ್ಲು ಮರದಲ್ಲಿ ಸಿಕ್ಕಿಕೊಂಡರೆ ಮೆಷಿನ್ನೇ ಎಗರಿ ಮೈಮೇಲೆ ಬರುತ್ತದೆ. ತಿರುಗುವ ಯಾವ ಮೆಷಿನ್ ಹತ್ತಿರವೂ ವೇಲ್ ಬೇಡ, ಕೈಗವಸು ಬೇಡ, ಜಡೆ ಎತ್ತಿ ಬಿಗಿದು ಕಟ್ಟು. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್. ಸೀಸಂ, ಅಂದರೆ ಬೀಟೆ ಮರದ ಪುಡಿ ಕೆಲವರಿಗೆ ಮೈಯೆಲ್ಲ ತುರಿಕೆ ತರುತ್ತದೆ.

ಇನ್ನು ಮರದ ವಿಷಯ. ಇದರಲ್ಲೇ ಜಾಸ್ತಿ ಜನ ಸೋಲುವುದು.

ಮೊದಲ ಕೆಲಸಕ್ಕೆ ಸಾಗುವಾನಿ ಬೇಡ. ದುಬಾರಿ ಅನ್ನುವುದು ಒಂದು ಕಾರಣ. ಅದರೊಳಗೆ ಮರಳಿನಂಥ ಸಿಲಿಕಾ ಇರುತ್ತದೆ, ಮಸೆದ ಮೊನೆಯನ್ನು ಬೇಗ ತಿನ್ನುತ್ತದೆ ಅನ್ನುವುದು ಇನ್ನೊಂದು. ದಾಂಡೇಲಿ, ಕಿರವತ್ತಿಯ ಸರ್ಕಾರಿ ನಾಟಾ (ಮರಮುಟ್ಟು) ಡಿಪೋಗಳ ಹೆಸರು ನೀನು ಕೇಳಿರುತ್ತೀಯ. ಅಲ್ಲಿ ಹರಾಜಾಗುವುದು ದಿಮ್ಮಿಗಳ ರಾಶಿ, ನಮ್ಮಂಥವರ ಎರಡು ಹಲಗೆಗಲ್ಲ. ನನ್ನ ಮಾತು ಕೇಳಿದರೆ ಹಲಸಿನಿಂದ ಶುರು ಮಾಡು. ಉಳಿಗೆ ಒಗ್ಗುತ್ತದೆ. ಕೊಯ್ದಾಗ ಅರಿಶಿನದ ಬಣ್ಣ ಇದ್ದದ್ದು ಬೆಳಕು ಕಂಡಂತೆ ಕಂದಾಗುತ್ತದೆ. ಸಿಕ್ಕರೆ ಶಿವನೆ ಇನ್ನೂ ಒಳ್ಳೆಯದು: ಹಗುರ, ಒಣಗಿದ ಮೇಲೆ ಹೆಚ್ಚು ಸೊಟ್ಟಗಾಗುವುದಿಲ್ಲ. ಅಕೇಶಿಯಾ ನಮ್ಮ ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ಇದೆ, ಅಗ್ಗ. ಚೆನ್ನಾಗಿ ಒಣಗಿದ್ದರೆ ಬಣ್ಣವೂ ಚೆಂದ. ಹಸಿಯಾಗಿದ್ದರೆ ಸೀಳಿ ಸೀಳಿ ಗೋಳು ಹೊಯ್ದುಕೊಳ್ಳುತ್ತದೆ. ಮಾವು, ಸಿಲ್ವರ್ ಓಕ್, ರಬ್ಬರ್ ಮರಕ್ಕೆ ಕುಟ್ಟೆ ಹುಳ ಬೇಗ ಬೀಳುತ್ತದೆ. ಬೋರಾಕ್ಸ್, ಬೋರಿಕ್ ಆಸಿಡ್ ನೀರಿನಲ್ಲಿ ಉಪಚಾರ ಮಾಡಿದ್ದಾದರೆ ಮಾತ್ರ ತಗೋ. ಹಿಂದೆ ಇಂಥ ದಿಮ್ಮಿಗಳನ್ನು ತಿಂಗಳುಗಟ್ಟಲೆ ಕೆರೆಯಲ್ಲಿ ಮುಳುಗಿಸಿ ಇಡುತ್ತಿದ್ದರು. ಹುಳಕ್ಕೆ ಬೇಕಾದ ಪಿಷ್ಟ ನೀರಿಗೆ ಬಿಟ್ಟು ಹೋಗಲಿ ಅಂತ. ಅಮಾವಾಸ್ಯೆ ನೋಡಿ ಕಡಿಯುವ ಲೆಕ್ಕಕ್ಕಿಂತ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ.

ಎಲ್ಲಕ್ಕಿಂತ ಒಳ್ಳೆಯ ನಾಟಾ ಹಳೇ ಮನೆ ಬಿಚ್ಚಿದಲ್ಲಿ ಸಿಗುತ್ತದೆ. ಮತ್ತಿ, ನಂದಿ, ಹೊನ್ನೆಯ ತೊಲೆಗಳು ದಶಕಗಟ್ಟಲೆ ಒಣಗಿ ನಿಂತಿರುತ್ತವೆ. ಇನ್ನು ಅವು ಬಾಗುವುದು, ಸೀಳುವುದು ಕಡಿಮೆ. ಕೊಯ್ಯಿಸುವ ಮುಂಚೆ ಒಂದು ಆಯಸ್ಕಾಂತ ಹಿಡಿದು ಪೂರ್ತಿ ಸವರು. ಒಳಗೆ ಮುರಿದ ಮೊಳೆ ಇದ್ದರೆ ಮಿಲ್ಲಿನವರ ಬ್ಲೇಡು ಹೋಗುತ್ತದೆ, ಆಮೇಲೆ ಅವರು ನಿನ್ನ ಮರ ಮುಟ್ಟುವುದಿಲ್ಲ.

'ನಿಮ್ಮ ಬೆಟ್ಟದಲ್ಲಿ ಅಷ್ಟು ಮರ ಇದೆಯಲ್ಲ' ಅಂತ ಬರೆದಿದ್ದೀಯ. ಅದು ಸೊಪ್ಪಿನ ಬೆಟ್ಟ, ಅಂದರೆ ತೋಟದ ಗೊಬ್ಬರಕ್ಕೆ ಅಂತ ಬಿಟ್ಟ ಸರ್ಕಾರಿ ಕಾಡು. ಅಲ್ಲಿ ನಮಗಿರುವುದು ಸೊಪ್ಪು, ದರಕಿನ (ಒಣ ಎಲೆಯ) ಹಕ್ಕು. ಅಲ್ಲಿನ ಮರವನ್ನು ನಮ್ಮಷ್ಟಕ್ಕೆ ನಾವೇ ಕಡಿಯುವ ಹಾಗಿಲ್ಲ. ಅಂಗಳದ ಗಂಧ, ಸೀಸಂ ಕೂಡ ಸುಮ್ನೆ ಕಡಿಯುವಂಥದ್ದಲ್ಲ. ಎಲ್ಲೇ ಕೊಂಡರೂ ರಸೀದಿ ತಗೋ, ಹಲಗೆ ಗಾಡಿಯಲ್ಲಿ ಇರುವಷ್ಟು ಹೊತ್ತು ಅದು ಕೈಯಲ್ಲಿರಲಿ.

ಮಿಲ್ಲಿನಲ್ಲಿ ಲೆಕ್ಕ ಘನ ಅಡಿಯಲ್ಲಿ. ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ ಹಿಡಿದು ಗುಣಿಸಿ 144ರಿಂದ ಭಾಗಿಸು. 7 ಅಡಿ ಉದ್ದ, 8 ಇಂಚು ಅಗಲ, ಒಂದೂವರೆ ಇಂಚು ದಪ್ಪದ ಹಲಗೆ ಅಂದರೆ 0.58 ಘನ ಅಡಿ. ಕೀಸಿದ ಮೇಲೆ ಒಂದಿಂಚು ಉಳಿಯಬೇಕಾದರೆ ಒಂದೂಕಾಲು ಇಂಚಿನದು ಕೇಳು. ಅಂಚಿಗೆ ಒಂದು ಕಣ್ಣು ಹಿಡಿದು ಉದ್ದಕ್ಕೆ ನೋಡು, ಬಾಗು ತಿರುಚು ಗೊತ್ತಾಗುತ್ತದೆ. ಹೊರಗಿನ ಬಿಳಿ ಭಾಗ ಜಾಸ್ತಿ ಇದ್ದರೆ ಬೇಡ, ಹುಳ ಮೊದಲು ಹಿಡಿಯುವುದು ಅಲ್ಲೇ. ಅಡ್ಡತುದಿಯಲ್ಲಿ ವರ್ಷದ ಉಂಗುರಗಳು ನೆಟ್ಟಗೆ ನಿಂತಂತೆ ಕಾಣುವ ಹಲಗೆ ಸಿಕ್ಕರೆ ಬಿಡಬೇಡ. ಉಂಗುರದ ಗುಂಟ ಮರ ಎಷ್ಟು ಕುಗ್ಗುತ್ತದೋ, ಅದಕ್ಕೆ ಅಡ್ಡಲಾಗಿ ಸುಮಾರು ಅದರ ಅರ್ಧ ಮಾತ್ರ ಕುಗ್ಗುತ್ತದೆ, ಹಾಗಾಗಿ ಅಂಥ ಹಲಗೆಯ ಅಗಲ ಹೆಚ್ಚು ಬದಲಾಗುವುದಿಲ್ಲ. ಉದ್ದಕ್ಕಂತೂ ಕುಗ್ಗುವುದೇ ಇಲ್ಲ ಅನ್ನಬಹುದು.

ಹಸಿ ಹಲಗೆಗೆ ಒಣಗಲು ಒಂದಿಂಚು ದಪ್ಪಕ್ಕೆ ಒಂದು ವರ್ಷ ಅಂತ ಹಳೇ ಲೆಕ್ಕ. ನೆರಳಲ್ಲಿ, ನೆಲದಿಂದ ಎತ್ತರದಲ್ಲಿ, ನಡುನಡುವೆ ರೀಪು (ತೆಳ್ಳನೆ ಮರದ ಪಟ್ಟಿ) ಕೊಟ್ಟು ಪೇರಿಸಬೇಕು. ತುದಿಗಳಿಗೆ ಹಳೇ ಪೇಂಟ್ ಬಳಿದರೆ ಸೀಳುವುದು ಕಡಿಮೆ. ಒಣಗಿದ್ದನ್ನು ತಂದರೂ ಕಾರವಾರದ ಗಾಳಿಗೆ ಅದು ಹೊಂದಿಕೊಳ್ಳಬೇಕು. ಗಾಳಿಯ ತೇವ ನೂರಕ್ಕೆ 90ರ ಹತ್ತಿರ ಇದ್ದಾಗ ಮರದ ತೇವ ನಿಧಾನಕ್ಕೆ 20ರ ಕಡೆ ಏರುತ್ತದೆ. ಗಾಳಿ 60ಕ್ಕೆ ಇಳಿದರೆ ಮರ 11ರ ಆಸುಪಾಸಿಗೆ ಬರುತ್ತದೆ. ಇಷ್ಟರಲ್ಲಿ ಒಂದಡಿ ಅಗಲದ ಹಲಗೆ ನಾಲ್ಕೈದು ಮಿಲಿಮೀಟರ್ ವರೆಗೂ ಹಿಗ್ಗಿ ಕುಗ್ಗೀತು. ಆಷಾಢದಲ್ಲಿ ನಿಮ್ಮ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದು ಇದಕ್ಕೇ, ಅಲ್ವಾ? ಮಳೆಗಾಲದಲ್ಲಿ ಡ್ರಾಯರ್ ಮಾಡಿದರೆ ಬಿಗಿಯಾಗಿ ಕೂರಿಸು, ಬೇಸಿಗೆಗೆ ಸಡಿಲವಾಗುತ್ತದೆ. ಬೇಸಿಗೆಯಲ್ಲಿ ಮಾಡಿದರೆ ಸಂದು ಬಿಡು. ಮೇಜಿನ ಹಾಸನ್ನು ಕಾಲಿನ ಚೌಕಟ್ಟಿಗೆ ಫೆವಿಕಾಲ್ ಹಾಕಿ ಅಂಟಿಸಲೇಬೇಡ. ಉದ್ದನೆಯ ತೂತು ಮಾಡಿ ಸ್ಕ್ರೂ ಹಾಕು, ಅತ್ತಿತ್ತ ಸರಿಯಲು ಜಾಗ ಇರಲಿ.

ಅರಗಿನ ಪಾಲಿಶ್ ಈ ಮಳೆಯಲ್ಲಿ ಹಚ್ಚಿದರೆ ಬೆಳ್ಳಗೆ ಮಂಜು ಕಟ್ಟಿದಂತಾಗುತ್ತದೆ. ದೀಪಾವಳಿ ಕಳೆಯಲಿ. ಅಗಸೆ ಎಣ್ಣೆ ಹಚ್ಚಬಹುದು. ಆದರೆ ಎಣ್ಣೆಯಾದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡ, ತಾನೇ ಬಿಸಿಯಾಗಿ ಬೆಂಕಿ ಹತ್ತುತ್ತದೆ. ಬಿಡಿಸಿ ಹೊರಗೆ ಒಣ ಹಾಕು. ದೋಣಿಗೆ ಹಚ್ಚುವ ಗೇರೆಣ್ಣೆ ಮನೆಯ ಸಾಮಾನಿಗೆ ಬೇಡ, ಚರ್ಮ ಸುಡುತ್ತದೆ.

ನವರಾತ್ರಿ ರಜೆಗೆ ಬರುತ್ತೀಯಲ್ಲ, ಆಗ ಉಳಿ ಮೂರನ್ನೂ ತಾ. ಇಲ್ಲೇ ಕೂತು ಮಸೆಯೋಣ. ಮಿಲ್ಲಿನಲ್ಲಿ ಒಣಗಿದ ಹಲಸಿನ ಹಲಗೆ ನೋಡಿಟ್ಟಿದ್ದೇನೆ, ರಸೀದಿ ಸಮೇತ ಕೊಡಿಸುತ್ತೇನೆ. ನಿನ್ನ ಕಾರಿನ ಹಿಂದಿನ ಸೀಟು ಮಡಚಿದರೆ ಎಷ್ಟು ಉದ್ದದ್ದು ಹಿಡಿಯುತ್ತದೆ ಅಂತ ಟೇಪಿನಲ್ಲಿ ಅಳೆದು ತಿಳಿಸು. ಅಷ್ಟಕ್ಕೇ ಕೊಯ್ಯಿಸಿ ಇಡುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ