ಚಹಾದಲ್ಲಿ ನೆನೆದ ದ್ರಾಕ್ಷಿ, ಅದರೊಳಗೊಂದು ಉಂಗುರ

ಪ್ರಿಯ ಗೆಳೆಯ,

ನಾನು ಕಳಿಸಿದ ಚಿತ್ರ ನೋಡಿ ಬ್ರೆಡ್ಡು ಸೀದುಹೋಯಿತೇ ಎಂದು ಕೇಳಿದ್ದೆಯಲ್ಲ, ಸೀದಿಲ್ಲ. ಕಡು ಚಹಾ ಮತ್ತು ಕಂದು ಸಕ್ಕರೆ ಸೇರಿದರೆ ಅದರ ಬಣ್ಣವೇ ಹಾಗೆ. ಇಲ್ಲಿ ಐರ್ಲೆಂಡಿನಲ್ಲಿ ಒಣದ್ರಾಕ್ಷಿ ಹಾಕಿದ ಈ ಸಿಹಿ ಬ್ರೆಡ್ಡಿಗೆ ಟೀ ಬ್ರ್ಯಾಕ್ ಎನ್ನುತ್ತಾರೆ. ಇದರದೇ ಇನ್ನೊಂದು ಬಗೆಯಾದ ಬಾರ್ಮ್‌ಬ್ರ್ಯಾಕ್ ಆದರೆ ಈಸ್ಟ್ ಹಾಕಿ ಹಿಟ್ಟು ಉಬ್ಬುವವರೆಗೆ ಕಾಯಬೇಕು. ಇದಕ್ಕೆ ಬೇಕಿಂಗ್ ಪೌಡರ್ ಸಾಕು, ನೆನೆಯುವ ಕೆಲಸವೆಲ್ಲ ಹಿಂದಿನ ರಾತ್ರಿಯೇ ಮುಗಿದಿರುತ್ತದೆ.

350 ಗ್ರಾಂ ಒಣದ್ರಾಕ್ಷಿಯನ್ನು ಕಂದು ಸಕ್ಕರೆ ಕರಗಿಸಿದ 250 ಮಿಲಿಲೀಟರ್ ಬಿಸಿ ಚಹಾದಲ್ಲಿ ಮುಚ್ಚಿಡುತ್ತೇನೆ. ಬೆಳಿಗ್ಗೆ ತಟ್ಟೆ ಸರಿಸಿದರೆ ಸುಕ್ಕೆಲ್ಲ ಬಿಚ್ಚಿಕೊಂಡು, ಸಿಪ್ಪೆ ಬಿಗಿದು ಹೊಳೆಯುವ ದ್ರಾಕ್ಷಿಗಳು, ತಳದಲ್ಲಿ ಒಂದಿಷ್ಟು ಗಟ್ಟಿ ರಸ. ಆ ರಸವನ್ನು ಚೆಲ್ಲಬಾರದು. 225 ಗ್ರಾಂ ಮೈದಾ, ಒಂದು ಮೊಟ್ಟೆ, ದಾಲ್ಚಿನ್ನಿ, ಜಾಯಿಕಾಯಿ ಸೇರಿಸಿ ಕಲಸಿ, 170 ಡಿಗ್ರಿಯಲ್ಲಿ ಒಂದು ಗಂಟೆಗೂ ತುಸು ಹೆಚ್ಚು ಬೇಯಿಸಬೇಕು. ಹಿಟ್ಟಿಗೆ ಬೆಣ್ಣೆ, ಎಣ್ಣೆ ಏನೂ ಇಲ್ಲ. ನೀನು ಇದನ್ನು ನಂಬಲಾರೆ. ಬೆಣ್ಣೆ ಬರುವುದು ಕೊಯ್ದ ಮೇಲೆ, ಚೂರಿನ ಮೇಲೆ ದಪ್ಪಗೆ.

ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬಕ್ಕೆ ಮಾಡುವ ಬ್ರ್ಯಾಕ್‌ನೊಳಗೆ ಹಿಂದೆ ಕೆಲವು ವಸ್ತುಗಳನ್ನು ಅಡಗಿಸುತ್ತಿದ್ದರು: ಉಂಗುರ ಸಿಕ್ಕವರಿಗೆ ವರ್ಷದೊಳಗೆ ಮದುವೆ, ನಾಣ್ಯ ಸಿಕ್ಕವರಿಗೆ ಸಿರಿ, ಬಟ್ಟೆಚೂರು ಸಿಕ್ಕರೆ ಬಡತನ, ಬಟಾಣಿ ಸಿಕ್ಕರೆ ಆ ವರ್ಷ ಮದುವೆಯಿಲ್ಲ, ಕಡ್ಡಿ ಸಿಕ್ಕರೆ ಜಗಳದ ದಾಂಪತ್ಯ. ಈಗ ಅಂಗಡಿಯ ಬ್ರ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಉಳಿದಿರುವುದು ಉಂಗುರ ಮಾತ್ರ. ಉಳಿದವು ಹೋದದ್ದೇ ಒಳ್ಳೆಯದಾಯಿತು. ಹಬ್ಬದ ದಿನ ಅತಿಥಿಯ ತಟ್ಟೆಗೆ ಬಡತನವನ್ನು ಬಡಿಸುವುದಕ್ಕೆ ನನ್ನ ಕೈ ಏಳುವುದಿಲ್ಲ.

ಹಾಗಾಗಿ ಈ ಸಲ ನಾನೂ ಒಂದು ಉಂಗುರವನ್ನು ಬೇಕಿಂಗ್ ಕಾಗದದಲ್ಲಿ ಸುತ್ತಿ ಹಿಟ್ಟಿನೊಳಗೆ ಒತ್ತಿದೆ. ಒತ್ತುವಾಗ, ಯಾವ ತುದಿಯಿಂದ ಕೊಯ್ದರೆ ಅದು ನನ್ನ ಪಾಲಿಗೆ ಬಂದೀತೆಂದು ಮನಸ್ಸು ತಾನಾಗಿಯೇ ಲೆಕ್ಕ ಹಾಕುತ್ತಿತ್ತು. ಒಂಟಿತನ ನನಗೆ ಒಗ್ಗಿದೆ ಎಂದು ನಿನಗೂ ಅಮ್ಮನಿಗೂ ಹೇಳುತ್ತಲೇ ಬಂದವನು ನಾನು, ಅದನ್ನು ನಂಬಿಯೂ ಇದ್ದೆ. ಆದರೆ ಚಳಿಗಾಲಕ್ಕೆಂದು ಇಲ್ಲಿ ಎಲ್ಲರೂ ಗಡಿಯಾರವನ್ನು ಒಂದು ಗಂಟೆ ಹಿಂದಿಟ್ಟ ಮೇಲೆ ಡಬ್ಲಿನ್‌ನಲ್ಲಿ ಸಂಜೆ ಐದಕ್ಕೇ ಕತ್ತಲಾಗುತ್ತದೆ. ಅಷ್ಟು ಉದ್ದದ ಸಂಜೆಯಲ್ಲಿ ಎದುರು ಕುಳಿತು, ಇವತ್ತು ಸಾರಿಗೆ ಉಪ್ಪು ಕಡಿಮೆಯಾಯಿತು ಎನ್ನುವ ಒಬ್ಬರು ಬೇಕು ಎಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿದೆ. ನಾಲ್ಕು ಜನ ಓದುವ ಪತ್ರದಲ್ಲಿ ಇಷ್ಟನ್ನು ಬರೆಯಬೇಕೆಂದು ಹೊರಟಿರಲಿಲ್ಲ.

ಅಂದಹಾಗೆ ಉಂಗುರ ಸಿಕ್ಕಿದ್ದು ಪಕ್ಕದ ಮನೆಯ ಅಜ್ಜಿಗೆ. ಕಾಗದ ಬಿಚ್ಚಿ, ಕಿರುಬೆರಳಿಗೆ ಹಾಕಿಕೊಂಡು, ವರನನ್ನು ನೀನೇ ಹುಡುಕಿಕೊಡಬೇಕು ಎಂದು ನನಗೇ ತಾಕೀತು ಮಾಡಿದ್ದಾರೆ.

ನೀನೂ ಮಾಡಿ ನೋಡು. ವಿಜಯಪುರದ ಒಣದ್ರಾಕ್ಷಿ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಇಲ್ಲಿಯ ಚಹಾದಲ್ಲೂ ಅಸ್ಸಾಮಿನ ಪುಡಿ ಬೆರೆತಿರುವುದುಂಟು, ಆದ್ದರಿಂದ ನಿಮ್ಮ ಮನೆಯ ಪುಡಿಯೇ ಸಾಕು. ಹಾಲು, ಶುಂಠಿ ಮಾತ್ರ ಬೇಡ. ನಿನ್ನ ಅಕ್ಕನಿಗೆ ಪಾಕವನ್ನಷ್ಟೇ ಓದಿ ಹೇಳು, ಉಂಗುರದ ಭಾಗವನ್ನು ಬಿಟ್ಟುಬಿಡು. ಇಲ್ಲದಿದ್ದರೆ ನಾಳೆಯೇ ಜಾತಕ ಕೇಳುತ್ತಾರೆ.

ನಿನ್ನವನೇ